ಸಿಬರಿಸ್‌ನವರಿಗೆ ಅಂಟಿದ ಹೆಸರು

ಶಿಡ್ಲಘಟ್ಟ

ಪ್ರಿಯ ಗೆಳೆಯ,

ಇಂಗ್ಲಿಷ್ ಕಾದಂಬರಿಯಲ್ಲಿ ಸಿಕ್ಕ ‘ಸಿಬರೈಟ್’ ಎಂಬ ಪದದ ಬಗ್ಗೆ ಕೇಳಿದ್ದೆ. ನಮ್ಮ ಕಡೆ ಷೋಕಿಲಾಲ ಎನ್ನುತ್ತೇವಲ್ಲ, ಅರ್ಥ ಹೆಚ್ಚುಕಡಿಮೆ ಅದೇ. ಆದರೆ ಅದು ಮೂಲದಲ್ಲಿ ಬೈಗುಳವಲ್ಲ, ಒಂದು ಊರಿನ ಜನರ ಹೆಸರು. ನಾವು ಕೋಲಾರದವರು ಎಂದ ಹಾಗೆ ಅವರು ಸಿಬರಿಸ್‌ನವರು, ಅಷ್ಟೇ.

ಊರು ಇದ್ದದ್ದು ಇಟಲಿಯ ದಕ್ಷಿಣದ ಕಲಾಬ್ರಿಯಾದಲ್ಲಿ. ಕ್ರಿ.ಪೂ. 720ರ ಸುಮಾರಿಗೆ ಗ್ರೀಸಿನಿಂದ ಹೋದವರು ಎರಡು ನದಿಗಳ ನಡುವಿನ ಬಯಲಿನಲ್ಲಿ ನೆಲೆನಿಂತರು. ಫಲವತ್ತಾದ ಮಣ್ಣು, ಧಾರಾಳ ನೀರು. ಹೊರಗಿನಿಂದ ಬಂದವರಿಗೂ ಪೌರತ್ವ ಕೊಟ್ಟು ಬೆಳೆದ ಊರು ಅದು ಎಂದು ಇತಿಹಾಸಕಾರ ಡಿಯೊಡೊರಸ್ ಬರೆದಿದ್ದಾನೆ. ಅವರ ಹೆಸರು ಹೇಳುವಾಗ ಈ ಮಾತನ್ನು ಯಾರೂ ಎತ್ತುವುದಿಲ್ಲ ಎಂಬುದೇ ನನ್ನ ಸಂಕಟ.

ಎತ್ತುವುದು ಬೇರೆ ಕಥೆಗಳನ್ನು. ನಿದ್ದೆ ಕೆಡುತ್ತದೆಂದು ಊರೊಳಗೆ ಹುಂಜ ಸಾಕುವಂತಿರಲಿಲ್ಲವಂತೆ, ಕಮ್ಮಾರರೂ ಬಡಗಿಗಳೂ ಕೆಲಸ ಮಾಡುವಂತಿರಲಿಲ್ಲವಂತೆ. ಹೊಸ ಅಡುಗೆ ಕಂಡುಹಿಡಿದ ಬಾಣಸಿಗನನ್ನು ಬಿಟ್ಟು ಬೇರೆ ಯಾರೂ ಒಂದು ವರ್ಷ ಅದನ್ನು ಮಾಡಕೂಡದಂತೆ. ಕುದುರೆಗಳಿಗೆ ಕೊಳಲಿನ ನಾದಕ್ಕೆ ಕುಣಿಯುವುದನ್ನು ಕಲಿಸಿದ್ದರಂತೆ. ಯುದ್ಧದಲ್ಲಿ ಶತ್ರುಗಳು ಕೊಳಲು ಊದಿದಾಗ ಅವು ಸವಾರರನ್ನು ಹೊತ್ತುಕೊಂಡೇ ಆ ಕಡೆಗೆ ಕುಣಿಯುತ್ತ ಹೋದವಂತೆ. ಇವು ಗ್ರೀಕ್ ಲೇಖಕ ಅಥೆನೇಯಸ್ ಹಳೆಯ ಬರಹಗಳಿಂದ ಆಯ್ದು ಪೋಣಿಸಿದವು, ಅದೂ ಊರು ಹಾಳಾಗಿ ಸುಮಾರು 700 ವರ್ಷಗಳ ಮೇಲೆ. ನನಗಂತೂ ಇವುಗಳಲ್ಲಿ ಗೆದ್ದವರ ದನಿಯೇ ಕೇಳಿಸುತ್ತದೆ.

ಗೆದ್ದವರು ನೆರೆಯ ಕ್ರೋಟನ್‌ನವರು, ಕ್ರಿ.ಪೂ. 510ರಲ್ಲಿ. ಸೇನೆಯ ಮುಂದಾಳು ಹೆಸರಾಂತ ಕುಸ್ತಿಪಟು ಮಿಲೊ. ಊರನ್ನು ಸೂರೆಮಾಡಿ, ನದಿಯನ್ನೇ ಅದರ ಮೇಲೆ ತಿರುಗಿಸಿದರು ಎಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಹೇಳುತ್ತಾನೆ. ಮೆಕ್ಕಲು ಮಣ್ಣಿನಲ್ಲಿ ಆಳವಾಗಿ ಹೂತುಹೋದ ಅವಶೇಷಗಳನ್ನು 1960ರ ದಶಕದಲ್ಲಿ ಪುರಾತತ್ತ್ವಜ್ಞರು ಹುಡುಕಿ ತೆಗೆದರು.

ನಾನು ಮರೆಯಲಾರದ್ದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದ ಒಂದು ಸಂಗತಿ. ಸಿಬರಿಸ್ ಬಿದ್ದ ಸುದ್ದಿ ಕೇಳಿ, ಸಮುದ್ರದಾಚೆಯ ಗ್ರೀಕ್ ಪಟ್ಟಣ ಮಿಲೆಟಸ್‌ನಲ್ಲಿ ಹಿರಿಯರು ಕಿರಿಯರೆನ್ನದೆ ಎಲ್ಲರೂ ತಲೆ ಬೋಳಿಸಿಕೊಂಡು ಶೋಕಿಸಿದರು. ಸಿಬರಿಸ್‌ನವರು ಉಡುತ್ತಿದ್ದದ್ದು ಮಿಲೆಟಸ್‌ನ ಉಣ್ಣೆಯ ಬಟ್ಟೆ. ಎರಡೂ ಊರುಗಳ ಸ್ನೇಹಕ್ಕೆ ಅದೇ ಕಾರಣವೆಂಬ ಹಳೆಯ ಹೇಳಿಕೆಯೂ ಇದೆ. ಇಲ್ಲಿರುವ ನನಗೆ ಆ ಅಳು ಅರ್ಥವಾಗುತ್ತದೆ. ನಮ್ಮ ಬೀದಿಯ ರೀಲಿಂಗ್ ಮನೆಯಲ್ಲಿ ಹೆಂಗಸರು ಬಿಸಿನೀರಿನಲ್ಲಿ ತೇಲುವ ರೇಷ್ಮೆ ಗೂಡುಗಳೊಳಗೆ ಕೈಯಾಡಿಸಿ ಎಳೆಯ ತುದಿ ಹುಡುಕುತ್ತಾರೆ. ಸಂಜೆಯ ಹೊತ್ತಿಗೆ ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿರುತ್ತವೆ, ಸೀರೆಯ ಸೆರಗಿಗೂ ಹುಳುವಿನ ವಾಸನೆ. ಯಾರದೋ ಮದುವೆಯ ಜರತಾರಿ ಸೀರೆಯಿಂದಲೇ ಅವರ ಮನೆಯ ಒಲೆ ಉರಿಯಬೇಕು. ಕೊಳ್ಳುವವರ ಊರು ಮುಳುಗಿದರೆ ಇವರೂ ಅಳುತ್ತಾರೆ.

ನಿನ್ನ ಕಾದಂಬರಿಯ ಆ ಸಾಲಿಗೆ ಷೋಕಿಲಾಲ ಎಂದೇ ಓದಿಕೊ, ತಪ್ಪಿಲ್ಲ. ಮಕ್ಕಳಿಗೆ ಪದದ ಕಥೆ ಹೇಳುವಾಗ ಕುಣಿಯುವ ಕುದುರೆಗಳ ಜೊತೆ ಮಿಲೆಟಸ್‌ನವರ ವಿಷಯವನ್ನೂ ಹೇಳು. ಓದಿ ಮುಗಿದ ಮೇಲೆ ಪುಸ್ತಕವನ್ನು ನನಗೂ ಕಳುಹಿಸು.

ಇತಿ,
ನಿನ್ನ ಗೆಳೆಯ