ಫಾಯಿಲ್ ಬೇರೆ, ಎಪೀ ಬೇರೆ

ಮಾನ್ಯ ಸಂಪಾದಕರೇ,

ಫ್ರೆಂಚ್ ಕಾದಂಬರಿಕಾರ ಝಾಂ ಜೋಸೆಫ್-ರೆನೋ (1873–1953) ಕುರಿತ ಭಾನುವಾರದ ಪುರವಣಿಯ ಲೇಖನ ಚೆನ್ನಾಗಿತ್ತು. ಅವರು 1900ರ ಪ್ಯಾರಿಸ್, 1908ರ ಲಂಡನ್ ಒಲಿಂಪಿಕ್ಸ್‌ಗಳಲ್ಲಿ ಕತ್ತಿವರಸೆಗೆ ಇಳಿದದ್ದು ನಿಜ. ಆದರೆ ಫಾಯಿಲ್, ಎಪೀ, ಸೇಬರ್ ಎಂಬ ಮೂರು ಬಗೆಯ ಕತ್ತಿಗಳನ್ನೂ ‘ಕತ್ತಿವರಸೆ’ ಎಂಬ ಒಂದೇ ಚೀಲಕ್ಕೆ ತುಂಬಿದ್ದರಿಂದ, ಆ ಕಾಲದ ಪ್ಯಾರಿಸ್‌ನ ಅಖಾಡಗಳಲ್ಲಿದ್ದ ಭಿನ್ನಮತವೇ ಮರೆಯಾಗಿದೆ.

ಫಾಯಿಲ್ ಕಲಿಕೆಯ ಕತ್ತಿ. ಮುಂಡಕ್ಕೆ ತಗುಲಿದರಷ್ಟೇ ಲೆಕ್ಕ. ಮೊದಲು ಮೇಲೇರಿ ಹೋದವನಿಗೆ ಅಂಕದ ಹಕ್ಕು. ಎದುರಾಳಿ ಆ ಅಲಗನ್ನು ತಳ್ಳಿದ ಮೇಲೆಯೇ ತಿರುಗಿ ಚುಚ್ಚಬೇಕು. 1900ರಲ್ಲಂತೂ ಫಾಯಿಲ್‌ನ ಮೊದಲ ಸುತ್ತುಗಳಲ್ಲಿ ಗೆಲುವಿಗಿಂತ ಶೈಲಿಯನ್ನೇ ತೀರ್ಪುಗಾರರು ತೂಗಿದರು. ಗೆದ್ದವನೂ ಮನೆಗೆ ಹೋಗಬಹುದಿತ್ತು!

ಎಪೀ ದ್ವಂದ್ವಯುದ್ಧದ ಕತ್ತಿಯ ಮಗು. ಅಡಿಯಿಂದ ಮುಡಿಯವರೆಗೆ ಎಲ್ಲಿ ತಗುಲಿದರೂ ಪೆಟ್ಟೇ; ಹಕ್ಕಿನ ಮಾತಿಲ್ಲ. ಅದೇ ಒಲಿಂಪಿಕ್ಸ್‌ನಲ್ಲಿ ಎಪೀ ಪಂದ್ಯ ಒಂದೇ ಪೆಟ್ಟಿಗೆ ಮುಗಿಯುತ್ತಿತ್ತು. ಹೀಗಾಗಿ ಜಾಣರು ಎದೆಗೆ ಗುರಿಯಿಡುವುದಿಲ್ಲ. ಹತ್ತಿರ ಸಿಗುವ ಮಣಿಕಟ್ಟು, ಮುಂಗೈಯನ್ನೇ ಹುಡುಕುತ್ತಾರೆ. ಫಾಯಿಲ್ ರೂಢಿಯವರು ಎಪೀ ಹಿಡಿದಾಗ ಎಡವುವುದು ಇಲ್ಲೇ. ತೋಳು ಮಡಿಸಿಕೊಂಡೇ ಮುನ್ನುಗ್ಗುತ್ತಾರೆ, ಕೊನೆಗಳಿಗೆಯಲ್ಲಿ ಚಾಚುತ್ತಾರೆ. ಎದುರಿನವನು ತೋಳು ಚಾಚಿ ಸುಮ್ಮನೆ ನಿಂತಿದ್ದರೂ ಇವರ ಮಣಿಕಟ್ಟೇ ಹೋಗಿ ಮೊನೆಗೆ ಸಿಕ್ಕಿಕೊಳ್ಳುತ್ತದೆ. ಪಾಠ ಇಷ್ಟೇ: ಮೊದಲು ಕೈ, ಆಮೇಲೆ ಕಾಲು.

ಇಂದಿನ ನಿಯಮದಂತೆ ಎರಡರ ಉದ್ದವೂ ಗರಿಷ್ಠ 110 ಸೆಂ.ಮೀ., ಅಲಗು 90 ಸೆಂ.ಮೀ. ತೂಕ ಫಾಯಿಲ್‌ಗೆ 500 ಗ್ರಾಂ ಒಳಗೆ, ಎಪೀಗೆ 770 ಗ್ರಾಂ ಒಳಗೆ. ಎಪೀ ಅಲಗು ಮೂರು ಮೂಲೆಯದು, ಸುಲಭಕ್ಕೆ ಬಾಗದು. ಗುರಿಯಾಗುವ ಕೈಯನ್ನು ಕಾಯಬೇಕಾದ್ದರಿಂದ ಹಿಡಿಯ ಬಟ್ಟಲೂ ದೊಡ್ಡದು. ಪೆಟ್ಟು ತಗುಲಿದ್ದನ್ನು ವಿದ್ಯುತ್ತಿನಿಂದ ತಿಳಿಸುವ ಅದರ ಮೊನೆಯ ಸ್ಪ್ರಿಂಗ್ 750 ಗ್ರಾಂ ತೂಕವನ್ನು ಮೇಲೆತ್ತಲೇಬೇಕು. ಎತ್ತದಿದ್ದರೆ ಆ ಕತ್ತಿ ಪಂದ್ಯಕ್ಕೆ ಸಲ್ಲದು. ರೆನೋ ಒಲಿಂಪಿಕ್ಸ್ ಆಡಿದ ಕಾಲದಲ್ಲಿ ಈ ವಿದ್ಯುತ್ ಮೊನೆ ಇನ್ನೂ ಬಳಕೆಗೆ ಬಂದಿರಲಿಲ್ಲ. ತಗುಲಿತೋ ಇಲ್ಲವೋ ಎಂದು ಹೇಳುತ್ತಿದ್ದುದು ತೀರ್ಪುಗಾರರ ಕಣ್ಣು. ಮುಂಗೈಗೆ ತಾಗಿದ ಹಗುರ ಚುಚ್ಚು ಕಣ್ತಪ್ಪುವುದು ಸಹಜ, ವಾದಗಳಿಗೆ ಬರವಿರಲಿಲ್ಲ.

ಇನ್ನೊಂದು ಮಾತು. ಕಾದಂಬರಿಗಳಿಗೇ ಇಡೀ ಪುಟ ಮೀಸಲಿಟ್ಟ ಲೇಖಕರು, ರೆನೋ 1911ರಲ್ಲಿ ತಂದ ‘ಲೆಸ್ಕ್ರೀಮ್’ ಮತ್ತು 1912ರ ‘ಲಾ ದೆಫಾನ್ಸ್ ದಾಂ ಲಾ ರ್‍ಯೂ’ ಪುಸ್ತಕಗಳ ಹೆಸರನ್ನೂ ಎತ್ತಿಲ್ಲ. ಮೊದಲನೆಯದು ಕತ್ತಿವರಸೆಯದು, ಎರಡನೆಯದು ಬೀದಿಯಲ್ಲಿ ಮೈಮೇಲೆ ಬಿದ್ದವನಿಂದ ಪಾರಾಗುವ ಬಗೆಯದು. ಮುಂದಿನ ಪುರವಣಿಯಲ್ಲಾದರೂ ಅವುಗಳಿಗೆ ಅರ್ಧ ಕಾಲಂ ಸಿಗಲಿ.

– ಫೆನ್ಸಿಂಗ್ ತರಬೇತುದಾರ