ಯಾವ ಕೆಲಸ ಬಿಡಬೇಕು ಅಂತಲೂ ಹೇಳಿ

ಸಂಪಾದಕರಿಗೆ ನಮಸ್ಕಾರ.

ಇದ್ದ ಸಮಯದಲ್ಲೇ ಜಾಸ್ತಿ ಕೆಲಸ ಮಾಡುವುದು ಹೇಗೆ ಅಂತ ಪತ್ರಿಕೆಗಳಲ್ಲಿ ಲೇಖನಗಳು ಬರುತ್ತಲೇ ಇರುತ್ತವೆ. ಬೇಗ ಏಳಿ, ಫೋನ್ ದೂರ ಇಡಿ, ಮಾಡಬೇಕಾದ್ದನ್ನು ಪಟ್ಟಿ ಮಾಡಿಕೊಳ್ಳಿ, ಮುಖ್ಯವಾದದ್ದಕ್ಕೆ ಮೊದಲು ಕೈ ಹಾಕಿ. ಎಲ್ಲವೂ ಸರಿಯೇ. ಆದರೆ ಒಂದು ಮಾತು ಮಾತ್ರ ಅವುಗಳಲ್ಲಿ ಸಿಗುವುದಿಲ್ಲ. ಒಂದು ಕೆಲಸ ಮುಂದೆ ಬರಬೇಕಾದರೆ ಇನ್ನೊಂದು ಹಿಂದೆ ಸರಿಯಲೇಬೇಕು. ಹಾಗೆ ಹಿಂದೆ ಸರಿಯುವುದು ಯಾವುದು? ಅದನ್ನು ತೀರ್ಮಾನ ಮಾಡುವವರು ಯಾರು? ಅದರ ಬಗ್ಗೆಯೇ ಈ ಪತ್ರ.

ನಾನು ಲೆಕ್ಕಪತ್ರ ವಿಭಾಗವೊಂದರ ಮೇಲ್ವಿಚಾರಕಿ. ಜೊತೆಯಲ್ಲಿ ಕೆಲಸ ಮಾಡುವವರು ಹೆಚ್ಚಿನವರು ಚಿಕ್ಕ ವಯಸ್ಸಿನವರು. ಅವರಲ್ಲಿ ಒಬ್ಬ ಹುಡುಗಿ ಸಂಜೆ ಮನೆಗೆ ಹೊರಡುವಾಗ ದಿನವೂ ಸೋತ ಮುಖ ಮಾಡಿಕೊಂಡಿರುತ್ತಿದ್ದಳು. ಕೂತ ಜಾಗದಿಂದ ಏಳದೆ ದುಡಿದಿರುತ್ತಿದ್ದಳು. ಬಂದ ಮೇಲ್‌ಗಳಿಗೆಲ್ಲ ಉತ್ತರ ಹೋಗಿರುತ್ತಿತ್ತು, ಬಿಲ್‌ಗಳು ಪಾಸ್ ಆಗಿರುತ್ತಿದ್ದವು. ಆದರೆ ಅವಳಿಗೆ ಒಪ್ಪಿಸಿದ್ದ ಸಸ್ಪೆನ್ಸ್ ಖಾತೆ ಮಾತ್ರ ಇದ್ದಲ್ಲೇ ಇರುತ್ತಿತ್ತು. ಯಾವ ಲೆಕ್ಕಕ್ಕೆ ಸೇರಿಸಬೇಕು ಅಂತ ಗೊತ್ತಾಗದ ಮೊತ್ತಗಳನ್ನು ತಾತ್ಕಾಲಿಕವಾಗಿ ಇಡುವ ಖಾತೆ ಅದು. ಒಂದೊಂದನ್ನೂ ಹುಡುಕಿ, ಸರಿಯಾದ ಲೆಕ್ಕಕ್ಕೆ ಹಾಕಿ ತೀರಿಸಬೇಕು.

ಆ ಖಾತೆ ಏನಾಯಿತು ಅಂತ ಯಾರೂ ಫೋನ್ ಮಾಡಿ ಕೇಳುವುದಿಲ್ಲ. ವರ್ಷದ ಕೊನೆಗೆ ಆಡಿಟ್ ಬಂದಾಗಲೇ ಅದರ ನೆನಪಾಗುವುದು. ಅಷ್ಟರಲ್ಲಿ ವೋಚರ್‌ಗಳು ಕಟ್ಟು ಸೇರಿ ಅಟ್ಟ ಹತ್ತಿರುತ್ತವೆ. ಆ ಮೊತ್ತದ ವಿಷಯ ಗೊತ್ತಿದ್ದವರು ಬೇರೆ ಕಡೆ ಹೋಗಿರುತ್ತಾರೆ. ಈ ತಿಂಗಳು ಹತ್ತು ನಿಮಿಷಕ್ಕೆ ಮುಗಿಯುವ ಒಂದು ನಮೂದು, ವರ್ಷ ಕಳೆದರೆ ಇಡೀ ದಿನ ತಿನ್ನುತ್ತದೆ.

ಒಂದು ಮಧ್ಯಾಹ್ನ ನಾನು ಅವಳ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅವಳ ಪಟ್ಟಿಯಲ್ಲಿದ್ದ ಪ್ರತಿ ಕೆಲಸಕ್ಕೂ ಒಂದೇ ಪ್ರಶ್ನೆ ಕೇಳಿದೆ. ‘ಇದನ್ನು ಈ ವಾರ ಮಾಡದೆ ಮುಂದಿನ ವಾರ ಮಾಡಿದರೆ ಏನು ವ್ಯತ್ಯಾಸ?’ ಕೆಲವಕ್ಕೆ ಏನೂ ವ್ಯತ್ಯಾಸ ಇರಲಿಲ್ಲ. ಇವತ್ತು ಹಿಡಿಯುವಷ್ಟೇ ಸಮಯ ಮುಂದಿನ ವಾರವೂ ಹಿಡಿಯುತ್ತದೆ, ಯಾರಿಗೂ ನಷ್ಟ ಇಲ್ಲ. ಇನ್ನು ಕೆಲವಕ್ಕೆ ‘ಅವರು ಮತ್ತೆ ಫೋನ್ ಮಾಡ್ತಾರೆ ಮೇಡಂ’ ಅನ್ನುವುದಷ್ಟೇ ಉತ್ತರ. ತಡವಾದಷ್ಟೂ ಕಷ್ಟ ಹೆಚ್ಚಾಗುವ ಕೆಲಸಗಳು ಎರಡೋ ಮೂರೋ ಇದ್ದವು. ಸಸ್ಪೆನ್ಸ್ ಖಾತೆ ಅವುಗಳಲ್ಲಿ ಒಂದು.

ಮುಖ್ಯ ಕೆಲಸ ಯಾವುದು ಅಂತ ಗುರುತಿಸಲು ನನಗೆ ಇದಕ್ಕಿಂತ ಒಳ್ಳೆಯ ಗುರುತು ಸಿಕ್ಕಿಲ್ಲ. ಕೆಲಸ ಎಷ್ಟು ದೊಡ್ಡದು, ಯಾರು ಹೇಳಿದ್ದು, ಎಷ್ಟು ಸಲ ನೆನಪಿಸಿದರು ಅನ್ನುವುದೆಲ್ಲ ಆಮೇಲೆ. ಬಿಟ್ಟರೆ ಬೆಳೆಯುತ್ತದೆಯೇ, ಇಲ್ಲ ಇದ್ದಷ್ಟೇ ಇರುತ್ತದೆಯೇ? ಅದನ್ನು ಮೊದಲು ನೋಡಬೇಕು. ಆರೋಗ್ಯ ತಪಾಸಣೆಯೂ ಅಷ್ಟೇ, ಸಾಲದ ಕಂತೂ ಅಷ್ಟೇ, ಮನಸ್ತಾಪ ಆದವರ ಹತ್ತಿರ ಕೂತು ಮಾತಾಡುವುದೂ ಅಷ್ಟೇ. ಇವು ಯಾವುವೂ ಗಂಟೆ ಬಾರಿಸಿ ನಮ್ಮನ್ನು ಕರೆಯುವುದಿಲ್ಲ.

ಗಂಟೆ ಬಾರಿಸುವ ಕೆಲಸದ ಕಡೆಗೇ ಕೈ ಹೋಗುವುದನ್ನು ಸೋಮಾರಿತನ ಅನ್ನುವುದು ಅನ್ಯಾಯ. ಆ ಹುಡುಗಿ ಸೋಮಾರಿ ಖಂಡಿತ ಅಲ್ಲ. 2018ರಲ್ಲಿ ಮೂವರು ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಜನರ ಮುಂದೆ ಎರಡು ಕೆಲಸ ಇಟ್ಟಿದ್ದರು. ಒಂದಕ್ಕೆ ಗಡುವು ಹತ್ತಿರ, ಲಾಭ ಕಡಿಮೆ. ಇನ್ನೊಂದಕ್ಕೆ ಗಡುವು ದೂರ, ಲಾಭ ಹೆಚ್ಚು. ಎರಡನ್ನೂ ಮುಗಿಸಲು ಬೇಕಾದಷ್ಟು ಸಮಯವಿತ್ತು. ಆದರೂ ಗಡುವು ಹತ್ತಿರವಿದ್ದ ಕಡಿಮೆ ಲಾಭದ ಕೆಲಸವನ್ನು ಎಷ್ಟೋ ಜನ ಆರಿಸಿಕೊಂಡರು. ಆಯ್ಕೆ ಮಾಡುವ ಹೊತ್ತಿಗೆ ಯಾವುದರಿಂದ ಎಷ್ಟು ಸಿಗುತ್ತದೆ ಅನ್ನುವ ಕಡೆ ಗಮನ ಸೆಳೆದಾಗ ಈ ಸೆಳೆತ ಕಡಿಮೆಯಾಯಿತು. ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುವುದರಿಂದ ಆಗುವುದೂ ಅದೇ ಅಲ್ವಾ?

ಈಗ ಅವಳು ದಿನದ ಮೊದಲ ಒಂದು ಗಂಟೆ ಸಸ್ಪೆನ್ಸ್ ಖಾತೆಗೆ ಕೊಡುತ್ತಾಳೆ. ಅದು ಮುಗಿಯುವವರೆಗೆ ಮೇಲ್ ತೆರೆಯುವುದಿಲ್ಲ. ‘ಒಂದು ಸಲ ನೋಡಿಬಿಡೋಣ’ ಅಂತಲೂ ಇಲ್ಲ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಮನಸ್ಸಿನ ಒಂದು ಭಾಗ ಹಿಂದಿನದರಲ್ಲೇ ಉಳಿದಿರುತ್ತದೆ ಅಂತ ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅಂಕಿ ಕೂಡಿಸುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಧ್ಯೆ ಎದ್ದು ಬಂದರೆ ಕಾಲಂ ಮೇಲಿನಿಂದಲೇ ಮತ್ತೆ ಶುರು ಮಾಡಬೇಕು.

ಆದರೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಆ ಹುಡುಗಿಯ ಬಗ್ಗೆ ಅಲ್ಲ. ಅವಳಿಗೆ ಆ ಒಂದು ಗಂಟೆ ಸಿಕ್ಕಿದ್ದು ಅವಳ ಮನೋಬಲದಿಂದ ಮಾತ್ರ ಅಲ್ಲ. ಆ ಹೊತ್ತಿನಲ್ಲಿ ಅವಳನ್ನು ಯಾರೂ ಕರೆಯಬಾರದು, ಅಷ್ಟು ಅವಸರ ಇದ್ದರೆ ನನ್ನ ಹತ್ತಿರ ಬನ್ನಿ ಅಂತ ವಿಭಾಗದಲ್ಲಿ ಎಲ್ಲರಿಗೂ ಹೇಳಿದ್ದೇನೆ. ಹೇಳುವ ಅಧಿಕಾರ ನನಗಿದೆ, ಅವಳಿಗಿಲ್ಲ. ಲೇಖನಗಳು ‘ಇಲ್ಲ ಅನ್ನಲು ಕಲಿಯಿರಿ’ ಅಂತ ಸುಲಭವಾಗಿ ಹೇಳಿಬಿಡುತ್ತವೆ. ಕೆಲಸಕ್ಕೆ ಸೇರಿ ವರ್ಷ ತುಂಬದವರು ಯಾರಿಗೆ ಇಲ್ಲ ಅನ್ನಬೇಕು? ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ಯಾರಿಗೆ ಇಲ್ಲ ಅನ್ನಬೇಕು? ಅವರ ದಿನದ ಬಹುಪಾಲು ಬೇರೆಯವರ ಕೈಯಲ್ಲಿರುತ್ತದೆ. ಆದ್ಯತೆಯ ಪಾಠ ಮೊದಲು ಬೇಕಾಗಿರುವುದು ಕೆಲಸ ಹಂಚುವವರಿಗೆ.

ಮೇಲಿನಿಂದ ಹೊಸ ಕೆಲಸ ಬಂದಾಗ ನಾನು ಒಂದು ಪ್ರಶ್ನೆ ಕೇಳುತ್ತೇನೆ. ‘ಮಾಡ್ತೇವೆ ಸರ್. ಇದಕ್ಕಾಗಿ ಕೈಯಲ್ಲಿರುವ ಯಾವುದನ್ನು ಮುಂದಕ್ಕೆ ಹಾಕಲಿ?’ ಜೊತೆಗೆ ಸದ್ಯ ನಡೆಯುತ್ತಿರುವ ಕೆಲಸಗಳ ಹಾಳೆಯನ್ನು ಎದುರಿಗೆ ಇಡುತ್ತೇನೆ. ಈ ಪ್ರಶ್ನೆಯಿಂದ ಯಾರಿಗೂ ಬೇಸರ ಆದದ್ದನ್ನು ನಾನು ಕಂಡಿಲ್ಲ. ಕೆಲವು ಸಲ ‘ಆ ರಿಪೋರ್ಟ್ ಮುಂದಿನ ವಾರ ಕೊಡಿ’ ಅನ್ನುತ್ತಾರೆ. ಕೆಲವು ಸಲ ಹಾಳೆ ನೋಡಿ, ‘ಹಾಗಾದ್ರೆ ಇದಕ್ಕೇನು ಅವಸರ ಇಲ್ಲ, ಬಿಡಿ’ ಅನ್ನುತ್ತಾರೆ. ಅರ್ಜೆಂಟ್ ಅಂತ ಬಂದ ಕೆಲಸ ಅಲ್ಲೇ ಅರ್ಜೆಂಟ್ ಅಲ್ಲದ್ದಾಗುತ್ತದೆ. ಹಾಳೆ ಎದುರಿಗಿಲ್ಲದಿದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು?

ಇನ್ನೊಂದು ಕಾರಣಕ್ಕೂ ಈ ಪ್ರಶ್ನೆ ಬೇಕು. ನಾವು ಮಾಡುವ ಸಮಯದ ಅಂದಾಜು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಅಂತ ಕೇಳಿದ್ದರು. ಸರಾಸರಿ 34 ದಿನ ಅಂದರು. ಎಲ್ಲವೂ ಕೈಕೊಟ್ಟರೆ ಎಷ್ಟಾಗಬಹುದು ಅಂದಾಗ ಸುಮಾರು 49 ದಿನ ಅಂದರು. ನಿಜವಾಗಿ ಹಿಡಿದದ್ದು ಸರಾಸರಿ 55 ದಿನ. ಕೆಟ್ಟ ಅಂದಾಜನ್ನೂ ಮೀರಿತು! ಹೀಗಿರುವಾಗ, ತುಂಬಿದ ಪಟ್ಟಿಗೆ ಇನ್ನೊಂದನ್ನು ‘ಇದೂ ಒಂದು ಸೇರಿಸ್ಕೊಳ್ಳಿ’ ಅಂತ ಸುಮ್ನೆ ಸೇರಿಸಿದರೆ ಅದಕ್ಕೆ ಬೇಕಾದ ಸಮಯ ಎಲ್ಲಿಂದಲೋ ಕಿತ್ತುಕೊಂಡು ಬಂದದ್ದೇ ಆಗಿರುತ್ತದೆ. ಹೆಚ್ಚಾಗಿ ಯಾರದೋ ನಿದ್ದೆಯಿಂದ, ಇಲ್ಲವೇ ಯಾರೂ ವಿಚಾರಿಸದ ಆ ಸಸ್ಪೆನ್ಸ್ ಖಾತೆಯಿಂದ.

1918ರ ಕಥೆಯೊಂದನ್ನು ಬಹಳ ಜನ ಹೇಳುತ್ತಾರೆ. ಐವಿ ಲೀ ಎಂಬ ಸಲಹೆಗಾರರು ಉಕ್ಕಿನ ಕಂಪನಿಯ ಮುಖ್ಯಸ್ಥ ಚಾರ್ಲ್ಸ್ ಶ್ವಾಬ್ ಅವರ ಅಧಿಕಾರಿಗಳಿಗೆ ಹೇಳಿಕೊಟ್ಟ ಕ್ರಮ ಅದು. ಸಂಜೆ ಕೂತು ನಾಳೆಯ ಆರು ಮುಖ್ಯ ಕೆಲಸಗಳನ್ನು ಕ್ರಮವಾಗಿ ಬರೆಯಬೇಕು, ಮೊದಲನೆಯದು ಮುಗಿಯದೆ ಎರಡನೆಯದನ್ನು ಮುಟ್ಟಬಾರದು, ಉಳಿದದ್ದು ಮರುದಿನದ ಪಟ್ಟಿಗೆ. ಎಲ್ಲರೂ ಆರು ಅನ್ನುವ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತಾರೆ. ಆ ಕ್ರಮವನ್ನು ಕಂಪನಿಯ ಮುಖ್ಯಸ್ಥರೇ ಒಪ್ಪಿ ತಮ್ಮವರಿಗೆ ಹೇಳಿಸಿದರು ಅನ್ನುವುದನ್ನು ಮರೆಯುತ್ತಾರೆ. ಎರಡನೆಯ ಕೆಲಸ ಕಾಯಬಹುದು ಅಂತ ದೊಡ್ಡವರೇ ಒಪ್ಪಿಕೊಂಡಾಗ ಚಿಕ್ಕವರು ನೆಮ್ಮದಿಯಿಂದ ಮೊದಲನೆಯದರಲ್ಲಿ ಮುಳುಗಬಹುದು.

ಆದ್ದರಿಂದ ತಂಡ ನಡೆಸುವ, ಮನೆ ನಡೆಸುವ, ಪಾಠ ಹೇಳುವ ಎಲ್ಲರಲ್ಲೂ ನನ್ನದೊಂದು ಮನವಿ. ಯಾರಿಗಾದರೂ ಕೆಲಸ ಹೇಳುವಾಗ ಯಾವ ದಿನದೊಳಗೆ ಬೇಕು, ಇದಕ್ಕಾಗಿ ಅವರು ಯಾವುದನ್ನು ಬಿಡಬಹುದು ಅನ್ನುವುದನ್ನೂ ಅದೇ ಚೀಟಿಯಲ್ಲಿ, ಅದೇ ಮೆಸೇಜಿನಲ್ಲಿ ಬರೆಯಿರಿ. ಬಿಡಬಹುದಾದದ್ದು ಯಾವುದು ಅಂತ ನಿಮಗೇ ಗೊತ್ತಿಲ್ಲದಿದ್ದರೆ, ಕಳಿಸುವ ಮೊದಲು ಅವರನ್ನು ಒಂದು ಮಾತು ಕೇಳಿ.

ಇತಿ,
ಲೆಕ್ಕಪತ್ರ ವಿಭಾಗದ ಒಬ್ಬ ಮೇಲ್ವಿಚಾರಕಿ