ಈ ವಾರ ವೂ-ಟ್ಯಾಂಗ್ ಕ್ಲ್ಯಾನ್

ಎಲ್ಲರಿಗೂ ನಮಸ್ಕಾರ. ಈ ವಾರ ಬೇರೆ ಲಿಂಕ್ ಹಾಕಬೇಡಿ, ವೂ-ಟ್ಯಾಂಗ್ ಕ್ಲ್ಯಾನ್ ಒಂದನ್ನೇ ಕೇಳೋಣ. ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡ್‌ನಲ್ಲಿ ಹುಟ್ಟಿದ ರ್‍ಯಾಪ್ ತಂಡ, ಮೊದಲ ಆಲ್ಬಂ ಬಂದಿದ್ದು 1993ರ ನವೆಂಬರ್‌ನಲ್ಲಿ. ಹಳೇ ಕುಂಗ್‌ಫು ಸಿನಿಮಾಗಳ ಮಾತು, ಕತ್ತಿ ಸದ್ದು ಎಲ್ಲ ಅದರಲ್ಲಿದೆ.

ನನಗೆ ಜಾಸ್ತಿ ಹಿಡಿಸಿದ್ದು ಅವರ ಒಪ್ಪಂದ. ತಂಡವಾಗಿ ಲೌಡ್ ರೆಕಾರ್ಡ್ಸ್ ಜೊತೆ ಸಹಿ ಹಾಕಿದರೂ ಒಬ್ಬೊಬ್ಬರೂ ಬೇರೆ ಕಂಪನಿಗೆ ಹೋಗಿ ಸ್ವಂತ ಆಲ್ಬಂ ಮಾಡಬಹುದು ಅಂತ ಮೊದಲೇ ಮಾತಾಡಿಕೊಂಡಿದ್ದರು, ಹಾಗಾಗಿ ಮೆಥಡ್ ಮ್ಯಾನ್ ಡೆಫ್ ಜ್ಯಾಮ್‌ಗೆ, ಜಿಝಾ ಗೆಫೆನ್‌ಗೆ, ಓಲ್ ಡರ್ಟಿ ಬಾಸ್ಟರ್ಡ್ ಎಲೆಕ್ಟ್ರಾಗೆ ಹೋದರೂ ತಂಡ ಒಡೆಯಲಿಲ್ಲ, ಹೆಸರು ಇನ್ನೂ ಬೆಳೆಯಿತು. ಆ ಆಲ್ಬಂಗಳಲ್ಲೂ ಬೀಟ್, ಅಂದರೆ ರ್‍ಯಾಪ್‌ನ ಹಿಂದಿನ ಸಂಗೀತ, ಹೆಚ್ಚಾಗಿ ತಂಡದ ಮುಂದಾಳು ರಿಝಾನದೇ. ಎಂಥ ಧೈರ್ಯದ ಯೋಚನೆ ಅಲ್ವಾ! 1997ರ ಎರಡನೇ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಹೋಯಿತು. 2004ರಲ್ಲಿ ಓಲ್ ಡರ್ಟಿ ಬಾಸ್ಟರ್ಡ್ ತೀರಿಕೊಂಡ. ಅವನ ಆ ಹುಚ್ಚು ದನಿಯ ಜಾಗ ಮತ್ತೆ ತುಂಬಲಿಲ್ಲ ಅಂತಲೇ ನನಗನಿಸುತ್ತದೆ.

ಮೊದಲ ಆಲ್ಬಂ ಪೂರ್ತಿ ಕೇಳಿ, ಆಮೇಲೆ ಜಿಝಾನ ‘ಲಿಕ್ವಿಡ್ ಸ್ವೋರ್ಡ್ಸ್’. ಸುಮ್ನೆ ಹಾಡು ಹಾರಿಸಬೇಡಿ. ಬೈಗುಳ ಬಹಳ ಇದೆ, ಮನೆಯಲ್ಲಿ ಮಕ್ಕಳಿದ್ದರೆ ಇಯರ್‌ಫೋನ್ ಹಾಕಿಕೊಳ್ಳಿ. ಯಾರ ರ್‍ಯಾಪ್ ಇಷ್ಟವಾಯಿತು, ಯಾಕೆ ಅಂತ ಭಾನುವಾರ ರಾತ್ರಿಯೊಳಗೆ ವಾಯ್ಸ್ ನೋಟ್ ಕಳಿಸಿ.